ಮಿಶ್ರ ಜನಾಂಗದವರ ಮತ ಯಾವ ಪಕ್ಷಕ್ಕೆ?

ಪ್ರಶ್ನೆ: ನನ್ನ ಅಕ್ಕನ ಮಗಳು ಅಟ್ಲಾಂಟಾದಲ್ಲಿದ್ದಾಳೆ. ಅವಳ ಗಂಡ ಕಪ್ಪು ಅಮೆರಿಕನ್. ಅವರಿಗೀಗ ಒಂದು ಪುಟ್ಟ ಹೆಣ್ಣು ಮಗು. ಅಲ್ಲಿನ ಚುನಾವಣೆ ಸುದ್ದಿ ನೋಡುವಾಗೆಲ್ಲ ನನಗೆ ಗೊಂದಲ. ಒಬಾಮಾ ಅವರ ತಾಯಿ ಬಿಳಿಯರು, ಆದರೂ ಅವರು ‘ಕಪ್ಪು ಅಧ್ಯಕ್ಷ’. ಕಮಲಾ ಹ್ಯಾರಿಸ್ ಅವರ ತಾಯಿ ಚೆನ್ನೈ ಕಡೆಯವರು, ಅವರನ್ನೂ ಕಪ್ಪು ಎನ್ನುತ್ತಾರೆ. ಹಾಗಾದರೆ ಈ ಮಗು ಯಾರ ಲೆಕ್ಕಕ್ಕೆ? ಇಂಥ ಮಿಶ್ರ ಮನೆತನದವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ? ಇವರ ಸಂಖ್ಯೆ ಹೆಚ್ಚಿದಂತೆ ರಿಪಬ್ಲಿಕನ್ನರಿಗೆ ಉಳಿಗಾಲವಿಲ್ಲ ಎನ್ನುವುದು ನಿಜವೇ? ಗುಪ್ತ ಮತದಾನದಲ್ಲಿ ಯಾವ ಜನಾಂಗ ಯಾರಿಗೆ ಹಾಕಿತು ಎಂದು ತಿಳಿಯುವುದಾದರೂ ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ಮಿಶ್ರ ಮನೆತನದವರು ಯಾರಿಗೆ ಮತ ಹಾಕುತ್ತಾರೆ ಎಂಬುದರಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇದೆ.

ಎರಡು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹವಾಯಿಯಲ್ಲಿ ಸುಮಾರು ಕಾಲು ಭಾಗದಷ್ಟು ಜನ 2020ರ ಜನಗಣತಿಯಲ್ಲಿ ತಮ್ಮದು ಒಂದಕ್ಕಿಂತ ಹೆಚ್ಚು ಜನಾಂಗ ಎಂದು ಬರೆಸಿದ್ದಾರೆ. ಇಡೀ ದೇಶದಲ್ಲಿ ಈ ಪ್ರಮಾಣ ಅತಿ ಹೆಚ್ಚಿರುವುದು ಅಲ್ಲೇ. ಮೂಲ ಹವಾಯಿಯನ್ನರು, ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದ ಜಪಾನೀಯರು, ಚೀನೀಯರು, ಫಿಲಿಪಿನೋಗಳು, ಪೋರ್ಚುಗೀಸರು ತಲೆಮಾರುಗಳಿಂದ ಬೆರೆತ ನಾಡು ಅದು. 1988ರಿಂದ ಈಚೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಅದು ಡೆಮಾಕ್ರಟರ ಕಡೆ. ಈಗ ಓಕ್ಲಹೋಮಾಕ್ಕೆ ಬನ್ನಿ. ಅಲ್ಲೂ ಸುಮಾರು ಶೇ. 13ರಷ್ಟು ಜನ ಮಿಶ್ರರು. ಆದರೆ 2004ರಿಂದ 2024ರವರೆಗಿನ ಆರು ಅಧ್ಯಕ್ಷೀಯ ಚುನಾವಣೆಗಳಲ್ಲಿ ಆ ರಾಜ್ಯದ 77 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಪೈಕಿ ಒಂದೂ ಡೆಮಾಕ್ರಟರಿಗೆ ಒಲಿದಿಲ್ಲ. ಅಲ್ಲಿನ ಮಿಶ್ರರಲ್ಲಿ ದೊಡ್ಡ ಪಾಲು ಬಿಳಿಯರು ಮತ್ತು ಮೂಲನಿವಾಸಿಗಳ ಸಂಬಂಧದಿಂದ ಬಂದವರು. ಚೆರೋಕಿ, ಚಾಕ್ಟಾ, ಚಿಕಸಾ ಮೊದಲಾದ ಬುಡಕಟ್ಟುಗಳನ್ನು 1830ರ ಕಾನೂನಿನ ಬಲದಿಂದ ಅವರ ನೆಲದಿಂದ ಒಕ್ಕಲೆಬ್ಬಿಸಿ ಅಟ್ಟಿದ್ದು ಇದೇ ಜಾಗಕ್ಕೆ. ಅಲ್ಲಿಂದ 2022ರಲ್ಲಿ ಸೆನೆಟ್‌ಗೆ ಆಯ್ಕೆಯಾದ ಮಾರ್ಕ್‌ವೇನ್ ಮಲ್ಲಿನ್ ಚೆರೋಕಿ, ಬಹುಕಾಲದಿಂದ ಕೆಳಮನೆಯಲ್ಲಿರುವ ಟಾಮ್ ಕೋಲ್ ಚಿಕಸಾ. ಇಬ್ಬರೂ ರಿಪಬ್ಲಿಕನ್ನರು.

ರಾಜ್ಯದ ಒಟ್ಟು ಫಲಿತಾಂಶದಿಂದ ಮಿಶ್ರರ ಮತವನ್ನೇ ನೇರವಾಗಿ ಅಳೆಯಲಾಗದು ಎಂದು ನೀವು ಕೇಳಬಹುದು, ಕೇಳಬೇಕಾದದ್ದೇ. ಆದರೆ ಪ್ಯೂ ಸಂಶೋಧನಾ ಸಂಸ್ಥೆ 2015ರಲ್ಲಿ ಮಿಶ್ರ ಜನಾಂಗದ ವಯಸ್ಕರ ಬಗ್ಗೆಯೇ ಮಾಡಿದ ದೊಡ್ಡ ಅಧ್ಯಯನ ಕೂಡ ಇದನ್ನೇ ತೋರಿಸಿತು. ಬಿಳಿ–ಕಪ್ಪು ಮಿಶ್ರರು ಬಹುಪಾಲು ಡೆಮಾಕ್ರಟರ ಕಡೆ. ಬಿಳಿ–ಮೂಲನಿವಾಸಿ ಮಿಶ್ರರು ರಿಪಬ್ಲಿಕನ್ನರತ್ತ ವಾಲಿದವರು. ಆ ಅಧ್ಯಯನದ ಲೆಕ್ಕದಲ್ಲಿ ಮಿಶ್ರ ಹಿನ್ನೆಲೆಯವರ ಅರ್ಧದಷ್ಟು ಮಂದಿ ಈ ಎರಡನೆಯ ಬಗೆಯವರೇ. ಇನ್ನೊಂದು ಸಂಗತಿಯೂ ಅದರಲ್ಲಿದೆ: ತಂದೆತಾಯಿ ಅಥವಾ ಅಜ್ಜ ಅಜ್ಜಿಯರ ಲೆಕ್ಕದಲ್ಲಿ ಮಿಶ್ರರಾದವರಲ್ಲಿ ಶೇ. 61ರಷ್ಟು ಮಂದಿ ತಮ್ಮನ್ನು ಮಿಶ್ರ ಜನಾಂಗದವರೆಂದು ಎಣಿಸಿಕೊಳ್ಳುವುದೇ ಇಲ್ಲ.

ಹಾಗಾಗಿ ಸುದ್ದಿವಾಹಿನಿಯ ಚಾರ್ಟಿನಲ್ಲಿ ‘ಮಿಶ್ರ ಮತದಾರರು’ ಎಂಬ ಪಟ್ಟಿ ಕಂಡರೆ ಅದನ್ನು ಒಂದು ಮತಬ್ಯಾಂಕ್ ಎಂದು ಓದಬೇಡಿ. ರಕ್ತ ಎಷ್ಟು ಬಗೆಯದು ಎಂಬುದರಿಂದ ಮತ ಹುಟ್ಟುವುದಿಲ್ಲ. ಆ ರಕ್ತದ ಮನೆತನವನ್ನು ಸರ್ಕಾರ ಯಾವ ಸಾಲಿನಲ್ಲಿ ನಿಲ್ಲಿಸಿತು, ಊರು ಯಾವ ಬೀದಿಯಲ್ಲಿ ಇರಗೊಟ್ಟಿತು, ಯಾವ ಚರ್ಚಿನಲ್ಲಿ ಅವರು ಕೂತರು ಎಂಬುದರಿಂದ ಹುಟ್ಟುತ್ತದೆ. ಬಿಳಿ–ಕಪ್ಪು ಮಿಶ್ರರೂ ಬಿಳಿ–ಮೂಲನಿವಾಸಿ ಮಿಶ್ರರೂ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಕಾರಣ ಹುಡುಕಿದರೆ ಸಿಗುವುದು ಸರ್ಕಾರಿ ಕಡತಗಳಲ್ಲಿ.

1930ರ ಜನಗಣತಿಗೆ ಹೊರಟ ಗಣತಿದಾರರ ಕೈಗೆ ಕೊಟ್ಟ ಸೂಚನೆ ಹೀಗಿತ್ತು. ಬಿಳಿ ಮತ್ತು ಕಪ್ಪು ರಕ್ತ ಬೆರೆತವರನ್ನು, ಕಪ್ಪು ಪಾಲು ಎಷ್ಟೇ ಅಲ್ಪವಾಗಿರಲಿ, ಕಪ್ಪು ಎಂದೇ ಬರೆಯಬೇಕು. ಬಿಳಿ ಮತ್ತು ಮೂಲನಿವಾಸಿ ರಕ್ತ ಬೆರೆತವರನ್ನು ಮೂಲನಿವಾಸಿ ಎಂದು ಬರೆಯಬೇಕು, ಆದರೆ ಆ ಪಾಲು ತೀರ ಕಡಿಮೆಯಿದ್ದರೆ ಅಥವಾ ಊರಿನವರು ಆತನನ್ನು ಬಿಳಿಯನೆಂದೇ ಒಪ್ಪಿದ್ದರೆ ಬಿಳಿ ಎಂದು ಬರೆಯಬಹುದು. ಒಬ್ಬರಿಗೆ ಬಾಗಿಲು ತೆರೆದಿತ್ತು, ಇನ್ನೊಬ್ಬರಿಗೆ ಪೂರ್ತಿ ಮುಚ್ಚಿತ್ತು. ವರ್ಜೀನಿಯಾ ರಾಜ್ಯ 1924ರಲ್ಲಿ ಜನಾಂಗದ ‘ಶುದ್ಧತೆ’ ಕಾಪಾಡಲೆಂದು ಕಾನೂನು ತಂದಾಗಲೂ ಇದೇ ನಡೆಯಿತು. ಅಲ್ಲಿನ ಹಳೆಯ ಶ್ರೀಮಂತ ಮನೆತನಗಳು ತಾವು ಪೊಕಾಹಾಂಟಸ್ ಎಂಬ ಮೂಲನಿವಾಸಿ ಹೆಣ್ಣುಮಗಳ ಸಂತತಿ ಎಂದು ಹೆಮ್ಮೆಪಡುತ್ತಿದ್ದವು. ಅವರಿಗೆ ತೊಂದರೆಯಾಗದಿರಲೆಂದು ಹದಿನಾರನೇ ಒಂದು ಪಾಲಿನಷ್ಟು ಮೂಲನಿವಾಸಿ ರಕ್ತವಿದ್ದರೂ ಬಿಳಿಯರೇ ಎಂದು ಆ ಕಾನೂನಿನಲ್ಲೇ ವಿನಾಯಿತಿ ಬರೆದರು. ಕಪ್ಪು ರಕ್ತಕ್ಕೆ ಅಂಥ ವಿನಾಯಿತಿ ಇರಲಿಲ್ಲ.

ಕಪ್ಪು ರಕ್ತ ಒಂದು ಹನಿಯಿದ್ದರೂ ಆತ ಕಪ್ಪು ಎನ್ನುವ ಇದನ್ನೇ ‘ಒಂದು ಹನಿ’ಯ ನಿಯಮ ಎನ್ನುವುದು. ಇದು ಗುಲಾಮಗಿರಿಯ ಕೂಸು. ಯಜಮಾನನಿಂದ ಗುಲಾಮ ಹೆಂಗಸಿಗೆ ಹುಟ್ಟಿದ ಮಗು ತಾಯಿಯಂತೆ ಗುಲಾಮನೇ ಆಗಬೇಕಿತ್ತು, ಆಸ್ತಿ ಕೈತಪ್ಪಬಾರದಲ್ಲ. ಅಮೆರಿಕದ ಇತಿಹಾಸದಲ್ಲಿ ನನ್ನ ಹೊಟ್ಟೆ ಉರಿಸುವ ಸಂಗತಿಗಳಲ್ಲಿ ಇದು ಮೊದಲನೆಯದು. 1850ರಿಂದ ಜನಗಣತಿಯಲ್ಲಿ ‘ಮುಲಾಟೊ’ ಎಂದು ಮಿಶ್ರರಿಗೆ ಬೇರೆ ಪಟ್ಟಿ ಇತ್ತು. 1890ರಲ್ಲಂತೂ ಕಾಲು ಪಾಲಿನವರು, ಎಂಟನೇ ಒಂದು ಪಾಲಿನವರು ಎಂದೆಲ್ಲ ಭಾಗ ಮಾಡಿ ಎಣಿಸಿದರು. ಹೋಮರ್ ಪ್ಲೆಸ್ಸಿ ಎಂಬಾತ ಎಂಟರಲ್ಲಿ ಏಳು ಪಾಲು ಬಿಳಿಯ. ಲೂಸಿಯಾನಾದಲ್ಲಿ ಬಿಳಿಯರ ರೈಲುಬೋಗಿಯಲ್ಲಿ ಕೂತದ್ದಕ್ಕೆ ಬಂಧಿಸಿದರು, ಮತ್ತು 1896ರಲ್ಲಿ ಸುಪ್ರೀಂ ಕೋರ್ಟ್ ಆತನ ವಿರುದ್ಧ ಕೊಟ್ಟ ತೀರ್ಪಿನಿಂದಲೇ ಜನಾಂಗ ಪ್ರತ್ಯೇಕತೆಗೆ ಅರ್ಧ ಶತಮಾನಕ್ಕೂ ಮೀರಿದ ಆಯಸ್ಸು ಸಿಕ್ಕಿತು. ಬಿಳಿಯರು–ಬಿಳಿಯರಲ್ಲದವರ ಮದುವೆಯನ್ನು ಅಪರಾಧವೆನ್ನುವ ಕಾನೂನುಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರ ಜೂನ್ 12ರಂದು, ವರ್ಜೀನಿಯಾದ ಲವಿಂಗ್ ದಂಪತಿಯ ಪ್ರಕರಣದಲ್ಲಿ. ಆ ದಿನದವರೆಗೂ 16 ರಾಜ್ಯಗಳಲ್ಲಿ ಅಂಥ ಕಾನೂನಿತ್ತು. ನಿಮ್ಮ ಅಕ್ಕನ ಮಗಳು ಇರುವ ಜಾರ್ಜಿಯಾ ಅವುಗಳಲ್ಲೊಂದು.

ಈ ನಿಯಮದ ಪರಿಣಾಮವೊಂದನ್ನು ಅದನ್ನು ಬರೆದವರು ಊಹಿಸಿರಲಿಲ್ಲ. ತಿಳಿಬಣ್ಣದವರು, ನೀಲಿ ಕಣ್ಣಿನವರು, ಕಡುಗಪ್ಪಿನವರು ಎಲ್ಲರನ್ನೂ ಒಂದೇ ಸಾಲಿಗೆ ತಳ್ಳಿದ್ದರಿಂದ ಅವರೆಲ್ಲ ಒಂದೇ ಸಮುದಾಯವಾಗಿ ಗಟ್ಟಿಯಾದರು. ಕಪ್ಪು ಜನರ ಹಕ್ಕಿನ ಸಂಘಟನೆಯಾದ ಎನ್‌ಎಎಸಿಪಿಯನ್ನು 1955ರವರೆಗೆ ದೀರ್ಘಕಾಲ ನಡೆಸಿದ ವಾಲ್ಟರ್ ವೈಟ್‌ರಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ನೋಡಿದವರಿಗೆ ಅವರು ಬಿಳಿಯರೇ. ಆ ಮೈಬಣ್ಣವನ್ನು ಬಳಸಿಕೊಂಡು ದಕ್ಷಿಣದಲ್ಲಿ ಗುಂಪುಹತ್ಯೆ ನಡೆದ ಊರುಗಳಿಗೆ ಹೋಗಿ, ಕೊಂದವರ ಬಾಯಿಂದಲೇ ವಿವರ ಕೇಳಿ ಬಂದು ವರದಿ ಬರೆದರು. ಬೇಕೆಂದಿದ್ದರೆ ಬಿಳಿಯರಾಗಿಯೇ ಬದುಕಬಹುದಿತ್ತು. ಅವರು ಕಪ್ಪು ಮನುಷ್ಯನಾಗಿ ಬದುಕಿದರು.

ಒಬಾಮಾ ಮತ್ತು ಹ್ಯಾರಿಸ್ ಬಗೆಗಿನ ನಿಮ್ಮ ಗೊಂದಲಕ್ಕೆ ಉತ್ತರ ಈ ಇತಿಹಾಸದಲ್ಲೇ ಇದೆ. ಕೀನ್ಯಾದ ತಂದೆ, ಕಾನ್ಸಸ್‌ನ ಬಿಳಿ ತಾಯಿಗೆ ಹೊನೊಲುಲುವಿನಲ್ಲಿ ಹುಟ್ಟಿದ ಒಬಾಮಾ 2010ರ ಜನಗಣತಿಯಲ್ಲಿ ‘ಕಪ್ಪು’ ಎಂಬ ಒಂದೇ ಚೌಕಕ್ಕೆ ಗುರುತು ಹಾಕಿದರು. ಆಗ ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಅವಕಾಶವಿತ್ತು. ಅಧ್ಯಕ್ಷರಾಗಿದ್ದೇ ಹಾಗೆ ಆರಿಸಿಕೊಂಡರು. ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ 1958ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಬರ್ಕ್ಲಿಗೆ ಓದಲು ಹೋದವರು. ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದ ಅರ್ಥಶಾಸ್ತ್ರಜ್ಞ. ಅಮೆರಿಕ ತನ್ನಿಬ್ಬರು ಹೆಣ್ಣುಮಕ್ಕಳನ್ನು ಕಪ್ಪು ಹುಡುಗಿಯರೆಂದೇ ನೋಡುತ್ತದೆ ಎಂದು ತಾಯಿಗೆ ಗೊತ್ತಿತ್ತು, ಹಾಗಾಗಿ ಆತ್ಮವಿಶ್ವಾಸದ ಕಪ್ಪು ಹೆಣ್ಣುಮಕ್ಕಳಾಗಿಯೇ ಬೆಳೆಸಿದರು ಎಂದು ಹ್ಯಾರಿಸ್ ಬರೆದುಕೊಂಡಿದ್ದಾರೆ. ಆಮೇಲೆ ಅವರು ಓದಲು ಆರಿಸಿಕೊಂಡದ್ದು ಕಪ್ಪು ವಿದ್ಯಾರ್ಥಿಗಳಿಗೆಂದೇ ಬೆಳೆದ ಹೋವರ್ಡ್ ವಿಶ್ವವಿದ್ಯಾಲಯ. ಸೇರಿದ್ದು ಕಪ್ಪು ವಿದ್ಯಾರ್ಥಿನಿಯರ ಶತಮಾನ ಹಳೆಯ ಬಳಗ, ಆಲ್ಫಾ ಕಾಪಾ ಆಲ್ಫಾ. 2024ರ ಜುಲೈ 31ರಂದು ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್ ಅವರು, ಹ್ಯಾರಿಸ್ ಇದುವರೆಗೆ ಭಾರತೀಯಳೆನ್ನುತ್ತಿದ್ದು ಈಗ ಕಪ್ಪು ಆದರು ಎಂಬರ್ಥದ ಮಾತಾಡಿದಾಗ ಕಪ್ಪು ಸಮುದಾಯಕ್ಕೆ ಅದು ಅಷ್ಟು ನೋವುಂಟುಮಾಡಿದ್ದು ಇದಕ್ಕೇ. ಎಷ್ಟೋ ತಲೆಮಾರುಗಳ ಕಾಲ ಕಾನೂನು ಬಲವಂತದಿಂದ ಒಂದು ಚೌಕಕ್ಕೆ ತಳ್ಳಿ, ಆ ಚೌಕದಲ್ಲೇ ಘನತೆಯಿಂದ ಬಾಳಿದವರನ್ನು ಈಗ ‘ನೀವು ಅಲ್ಲಿಯವರಲ್ಲ’ ಎಂದರೆ ಏನಾಗುತ್ತದೆ ಯೋಚಿಸಿ.

ಮತದ ಇತಿಹಾಸಕ್ಕೆ ಬರೋಣ. ಕಪ್ಪು ಮತ ಹುಟ್ಟಿನಿಂದ ಡೆಮಾಕ್ರಟರದಲ್ಲ. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ ರಿಪಬ್ಲಿಕನ್. 1870ರಲ್ಲಿ ಸೆನೆಟ್‌ಗೆ ಹೋದ ಮೊದಲ ಕಪ್ಪು ಸದಸ್ಯ ಹೈರಮ್ ರೆವೆಲ್ಸ್ ಕೂಡ ರಿಪಬ್ಲಿಕನ್. ಪ್ರತ್ಯೇಕತೆಯ ಕಾನೂನು ಮಾಡಿದವರು ದಕ್ಷಿಣದ ಡೆಮಾಕ್ರಟರು. 1936ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಕಡೆಗೆ ಕಪ್ಪು ಮತ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ತಿರುಗಿತು. ಆದರೂ 1960ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್ ಅವರಿಗೆ ಕಪ್ಪು ಮತದ ಮೂರನೇ ಒಂದರಷ್ಟು ಸಿಕ್ಕಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಅಟ್ಲಾಂಟಾದಲ್ಲೇ ಬಂಧಿಸಿದಾಗ ಡೆಮಾಕ್ರಟಿಕ್ ಅಭ್ಯರ್ಥಿ ಕೆನಡಿ, ಕಿಂಗ್ ಅವರ ಪತ್ನಿ ಕೊರೆಟಾಗೆ ಫೋನ್ ಮಾಡಿ ವಿಚಾರಿಸಿದರು. ನಿಕ್ಸನ್ ಸುಮ್ಮನಿದ್ದರು. ಅಲ್ಲಿಯವರೆಗೆ ನಿಕ್ಸನ್ ಕಡೆಯಿದ್ದ ಕಿಂಗ್ ಅವರ ತಂದೆ ತಮ್ಮ ಬೆಂಬಲ ಕೆನಡಿಗೆ ಎಂದು ಬಹಿರಂಗವಾಗಿ ಸಾರಿದರು. ಕಟ್ಟಕಡೆಯ ತಿರುವು 1964. ನಾಗರಿಕ ಹಕ್ಕುಗಳ ಕಾಯ್ದೆಗೆ ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದರು. ಗೋಲ್ಡ್‌ವಾಟರ್ ತಮ್ಮ ಅರಿಜೋನಾ ಬಿಟ್ಟರೆ ಗೆದ್ದದ್ದು ಲೂಸಿಯಾನಾ, ಮಿಸಿಸಿಪಿ, ಅಲಬಾಮಾ, ಜಾರ್ಜಿಯಾ, ದಕ್ಷಿಣ ಕೆರೊಲಿನಾ, ಈ ಐದು ರಾಜ್ಯಗಳನ್ನು ಮಾತ್ರ. ಅಲ್ಲಿಂದಾಚೆಗೆ ಯಾವ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಗೂ ಕಪ್ಪು ಮತದ ಐದನೇ ಒಂದು ಪಾಲು ಕೂಡ ದಕ್ಕಿಲ್ಲ. ಆ ವರ್ಷದ ಜಾನ್ಸನ್ ಗೆಲುವಿನ ನಂತರ ಯಾವ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿಗೂ ಬಿಳಿಯರ ಬಹುಮತ ಸಿಕ್ಕಿಲ್ಲ. ಈ ಎರಡು ವಾಕ್ಯಗಳನ್ನು ಯಾವಾಗಲೂ ಒಟ್ಟಿಗೇ ಹೇಳಬೇಕು. ಕಪ್ಪು ಜನ ಜನಾಂಗ ನೋಡಿ ಮತ ಹಾಕುತ್ತಾರೆ ಎಂದು ದೂರುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಕಪ್ಪು ಮತದಾರರಲ್ಲಿ ಧಾರ್ಮಿಕರು, ಸಂಪ್ರದಾಯಸ್ಥರು ಬಹಳ. ತಮ್ಮನ್ನು ಮಧ್ಯಮಮಾರ್ಗಿಗಳು, ಸಂಪ್ರದಾಯವಾದಿಗಳು ಎಂದು ಕರೆದುಕೊಳ್ಳುವವರೂ ಡೆಮಾಕ್ರಟರಿಗೇ ಹಾಕುತ್ತಾರೆ. ಇದಕ್ಕೆ ರಾಜ್ಯಶಾಸ್ತ್ರಜ್ಞ ಮೈಕೆಲ್ ಡಾಸನ್ ಕೊಟ್ಟ ವಿವರಣೆ ಸರಳ: ನನ್ನ ಸಮುದಾಯಕ್ಕೆ ಆಗುವುದು ನನಗೂ ಆಗುತ್ತದೆ ಎಂಬ ಅನುಭವ ಗಟ್ಟಿಯಿದ್ದಾಗ, ತನಗೇನು ಲಾಭ ಎಂದು ಬೇರೆಯಾಗಿ ಲೆಕ್ಕ ಹಾಕುವ ಬದಲು ಸಮುದಾಯಕ್ಕೇನು ಒಳಿತು ಎಂದು ನೋಡುವುದೇ ಜಾಣತನ. ಇಸ್ಮಾಯಿಲ್ ವೈಟ್ ಮತ್ತು ಕ್ರಿಲ್ ಲೇರ್ಡ್ ಎಂಬ ವಿದ್ವಾಂಸರು ಇದಕ್ಕೆ ಇನ್ನೊಂದು ಪದರ ಸೇರಿಸಿದರು. ಈ ಒಗ್ಗಟ್ಟು ಮನಸ್ಸಿನ ಭಾವನೆಯಷ್ಟೇ ಅಲ್ಲ. ಚರ್ಚು, ಕಾಲೇಜು, ಕ್ಷೌರದಂಗಡಿ, ನೆಂಟರ ಮನೆಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡುತ್ತ, ಹೇಳುತ್ತ, ಕೇಳುತ್ತ ಉಳಿಸಿಕೊಂಡು ಬಂದ ಕಟ್ಟು. ಅಂಥ ಒಡನಾಟ ಸಡಿಲವಾದಲ್ಲಿ ಮತದ ಒಗ್ಗಟ್ಟೂ ಸಡಿಲವಾಗುತ್ತದೆ. ಮಿಶ್ರ ಮನೆಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ: ಮಗು ಯಾರ ನಡುವೆ ಬೆಳೆಯುತ್ತದೆ ಎಂಬುದೇ ಮುಖ್ಯ. ಸ್ಟ್ಯಾನ್‌ಫರ್ಡ್‌ನ ಲಾರೆನ್ ಡ್ಯಾವನ್‌ಪೋರ್ಟ್ ಅವರ ಸಂಶೋಧನೆಯಲ್ಲಿ, ಒಂದೇ ಬಗೆಯ ಮಿಶ್ರ ಹಿನ್ನೆಲೆಯವರಲ್ಲೂ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಹೆಚ್ಚಾಗಿ ತಾವು ಮಿಶ್ರ ಎಂದು ಹೇಳಿಕೊಳ್ಳುತ್ತಾರೆ. ಸ್ಥಿತಿವಂತರಾದಷ್ಟೂ ಬಿಳಿ ಎಂದು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಇತ್ತ ಪ್ಯೂ ಅಧ್ಯಯನದಲ್ಲಿ, ಕಪ್ಪು ಹಿನ್ನೆಲೆಯುಳ್ಳ ಮಿಶ್ರರ ಪೈಕಿ ಶೇ. 69 ಮಂದಿ, ಜನ ತಮ್ಮನ್ನು ಕಪ್ಪು ಎಂದೇ ನೋಡುತ್ತಾರೆ ಎಂದಿದ್ದಾರೆ. ಆಯ್ಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿಲ್ಲ.

ಗುಪ್ತ ಮತದಾನದಲ್ಲಿ ಇದೆಲ್ಲ ಗೊತ್ತಾಗುವುದು ಹೇಗೆ? ಮತಪತ್ರದ ಮೇಲೆ ಜನಾಂಗ ಇರುವುದಿಲ್ಲ. ಆದರೆ ದಕ್ಷಿಣದ ಕೆಲವು ರಾಜ್ಯಗಳ ಮತದಾರ ನೋಂದಣಿ ಅರ್ಜಿ ಜನಾಂಗವನ್ನು ಕೇಳುತ್ತದೆ. ಜಾರ್ಜಿಯಾ, ಫ್ಲಾರಿಡಾ, ಉತ್ತರ ಮತ್ತು ದಕ್ಷಿಣ ಕೆರೊಲಿನಾ, ಲೂಸಿಯಾನಾ, ಅಲಬಾಮಾ ಇವುಗಳಲ್ಲಿ ಸೇರಿವೆ. ಫ್ಲಾರಿಡಾ, ಉತ್ತರ ಕೆರೊಲಿನಾಗಳಲ್ಲಿ ಮಿಶ್ರ ಎಂಬ ಆಯ್ಕೆಯೂ ಇದೆ. ಹಾಗಾಗಿ ಯಾವ ಜನಾಂಗದವರು ಎಷ್ಟು ಮಂದಿ ಮತಗಟ್ಟೆಗೆ ಬಂದರು ಎಂಬುದು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಯಾರಿಗೆ ಹಾಕಿದರು ಎಂಬುದು ಸಿಗುವುದಿಲ್ಲ. ದಕ್ಷಿಣ ಕೆರೊಲಿನಾದ ಗವರ್ನರ್ ಆಗಿದ್ದ, ಪಂಜಾಬಿ ಸಿಖ್ ಮನೆತನದ ನಿಕ್ಕಿ ಹೇಲಿ 2001ರ ತಮ್ಮ ನೋಂದಣಿ ಪತ್ರದಲ್ಲಿ ‘ಬಿಳಿ’ ಎಂದು ಬರೆದಿದ್ದರು ಎಂಬುದು ಹತ್ತು ವರ್ಷದ ಮೇಲೆ ಸುದ್ದಿಯಾದದ್ದು ಇಂಥ ಕಡತದಿಂದಲೇ. ನಮ್ಮಲ್ಲಿ ಜಾತಿಗೆ ತಹಶೀಲ್ದಾರರ ಪ್ರಮಾಣಪತ್ರ ಇದ್ದ ಹಾಗೆ ಅಲ್ಲಿ ಜನಾಂಗಕ್ಕೆ ಪ್ರಮಾಣಪತ್ರ ಇಲ್ಲ; ಸರ್ಕಾರ ಕೇಳುತ್ತದೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಬುಡಕಟ್ಟಿನ ಸದಸ್ಯತ್ವ ಮಾತ್ರ ಬೇರೆ. ಅದಕ್ಕೆ ವಂಶದ ದಾಖಲೆ ಬೇಕು.

ಯಾರಿಗೆ ಹಾಕಿದರು ಎಂಬುದಕ್ಕೆ ಮೂರು ದಾರಿ. ಮತಗಟ್ಟೆಯ ಹೊರಗೆ ಕೇಳಿ ಬರೆದುಕೊಳ್ಳುವ ಸಮೀಕ್ಷೆ ಮೊದಲನೆಯದು. ಬೇಗ ಸಿಗುತ್ತದೆ, ಸಣ್ಣ ಗುಂಪುಗಳ ವಿಷಯದಲ್ಲಿ ಹಲವು ಸಲ ತಪ್ಪುತ್ತದೆ. 2004ರಲ್ಲಿ ಬುಷ್‌ಗೆ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಮತ ಶೇ. 44 ಎಂದು ಹೇಳಿದ ಅಂಕಿ ಆಮೇಲೆ ಬಹಳ ಟೀಕೆಗೆ ಒಳಗಾಯಿತು. ಎರಡನೆಯದು, ಒಂದೇ ಜನಾಂಗದವರು ತುಂಬಿರುವ ಮತಗಟ್ಟೆಗಳ ಫಲಿತಾಂಶದಿಂದ ಸಂಖ್ಯಾಶಾಸ್ತ್ರದ ಮೂಲಕ ಊಹಿಸುವುದು; ಕೋರ್ಟಿನಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ವ್ಯಾಜ್ಯಗಳು ನಡೆಯುವುದು ಇದರ ಮೇಲೆ. ಮೂರನೆಯದು, ಸಮೀಕ್ಷೆಯಲ್ಲಿ ಉತ್ತರಿಸಿದವರು ನಿಜಕ್ಕೂ ಮತ ಹಾಕಿದರೇ ಎಂದು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುವುದು. ನಾನು ಹೆಚ್ಚು ನಂಬುವುದು ಈ ಕೊನೆಯದನ್ನು. ಪ್ಯೂ ಹೀಗೆ ತಾಳೆ ನೋಡಿದ ಲೆಕ್ಕದಲ್ಲಿ 2020ರಿಂದ 2024ಕ್ಕೆ ಟ್ರಂಪ್ ಅವರ ಪಾಲು ಲ್ಯಾಟಿನೋಗಳಲ್ಲಿ ಶೇ. 36ರಿಂದ 48ಕ್ಕೆ, ಕಪ್ಪು ಮತದಾರರಲ್ಲಿ 8ರಿಂದ 15ಕ್ಕೆ, ಏಷ್ಯನ್ನರಲ್ಲಿ 30ರಿಂದ 40ಕ್ಕೆ ಏರಿತು.

ಬಿಳಿಯರೇತರರು ಹೆಚ್ಚಿದಂತೆ ರಿಪಬ್ಲಿಕನ್ನರಿಗೆ ಉಳಿಗಾಲವಿಲ್ಲ ಎಂಬ ಮಾತನ್ನು ಈ ಅಂಕಿಗಳ ಮುಂದಿಟ್ಟು ನೋಡಬೇಕು. ಇಪ್ಪತ್ತು ವರ್ಷ ಆ ಮಾತು ಎರಡೂ ಪಕ್ಷಗಳ ತಲೆ ಕೆಡಿಸಿತು. ಜನಗಣತಿ ಇಲಾಖೆ 2008ರಲ್ಲಿ, 2042ರ ವೇಳೆಗೆ ಬಿಳಿಯರು ಅರ್ಧಕ್ಕಿಂತ ಕಡಿಮೆಯಾಗುತ್ತಾರೆ ಎಂದಿತು. ಆಮೇಲೆ ಅದು 2045 ಆಯಿತು. ಡೆಮಾಕ್ರಟರು ನಿಶ್ಚಿಂತರಾದರು, ಅತ್ತ ಹಲವು ಬಿಳಿಯರಲ್ಲಿ ಭಯ ಹುಟ್ಟಿತು. ಆ ಲೆಕ್ಕದ ಒಳಗೆ ಏನಿದೆ ಎಂದು ಹೆಚ್ಚಿನವರು ಬಿಚ್ಚಿ ನೋಡಲಿಲ್ಲ. ಅದರಲ್ಲಿ ‘ಬಿಳಿ’ ಎಂದರೆ ಬಿಳಿ ಮಾತ್ರ, ಲ್ಯಾಟಿನೋ ಅಲ್ಲದವರು ಮಾತ್ರ. ಬಿಳಿ ತಾಯಿ, ಅರ್ಧ ಜಪಾನಿ ತಂದೆಯ ಮಗುವೂ ಅಲ್ಪಸಂಖ್ಯಾತರ ಲೆಕ್ಕಕ್ಕೆ ಹೋಗುತ್ತದೆ. ಸಮಾಜಶಾಸ್ತ್ರಜ್ಞ ರಿಚರ್ಡ್ ಆಲ್ಬಾ ಇದನ್ನೇ ಒತ್ತಿ ಹೇಳುತ್ತ ಬಂದರು: ಬಿಳಿ ಮತ್ತು ಏಷ್ಯನ್, ಬಿಳಿ ಮತ್ತು ಲ್ಯಾಟಿನೋ ಮನೆಗಳ ಬಹಳ ಮಕ್ಕಳು ಬಿಳಿಯರ ನಡುವೆಯೇ ಓದಿ, ಮದುವೆಯಾಗಿ, ಬದುಕುತ್ತಿದ್ದಾರೆ. ಅವರನ್ನು ಬಿಳಿಯರ ಎದುರು ಪಾಳಯವೆಂದು ಎಣಿಸಿದ್ದು ಹಳೆಯ ಒಂದು ಹನಿಯ ನಿಯಮವನ್ನೇ ಹೊಸ ಕಾಲದ ಕಂಪ್ಯೂಟರಿಗೆ ತುಂಬಿದಂತೆ.

2020ರ ಜನಗಣತಿಯ ಅಂಕಿಯನ್ನಂತೂ ಬಹಳ ಎಚ್ಚರದಿಂದ ಓದಬೇಕು. ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಲು ಅವಕಾಶ ಕೊಟ್ಟ ಮೊದಲ ಗಣತಿ 2000ದ್ದು. ಆಗ ಹಾಗೆ ಗುರುತಿಸಿದವರು 68 ಲಕ್ಷ, ಶೇ. 2.4. 2010ರಲ್ಲಿ 90 ಲಕ್ಷ. 2020ರಲ್ಲಿ ಒಮ್ಮೆಗೇ 3 ಕೋಟಿ 38 ಲಕ್ಷ, ಶೇ. 10.2. ಹತ್ತು ವರ್ಷದಲ್ಲಿ ಅಷ್ಟು ಮಿಶ್ರ ಮದುವೆಗಳಾಗಲಿಲ್ಲ. 1967ರಲ್ಲಿ ಹೊಸ ಮದುವೆಗಳಲ್ಲಿ ಶೇ. 3ರಷ್ಟು ಮಿಶ್ರವಾಗಿದ್ದರೆ 2015ರಲ್ಲಿ ಶೇ. 17 ಆಗಿತ್ತು, ಏರಿಕೆ ನಿಜ, ಆದರೆ ನಿಧಾನ. 2020ರಲ್ಲಿ ಆದದ್ದು ಬೇರೆ. ಜನ ಕೈಯಿಂದ ಬರೆದ ಮೂಲದ ವಿವರವನ್ನು ಇಲಾಖೆ ಹಿಂದಿಗಿಂತ ಉದ್ದವಾಗಿ ದಾಖಲಿಸಿಕೊಂಡು, ಹಿಂದೆ ಎರಡೇ ಸಂಕೇತ ಕೊಡುತ್ತಿದ್ದಲ್ಲಿ ಆರರವರೆಗೆ ಕೊಟ್ಟಿತು. ‘ಬಿಳಿ’ಗೆ ಗುರುತು ಹಾಕಿ ಕೆಳಗೆ ಯಾವುದೋ ಲ್ಯಾಟಿನ್ ಅಮೆರಿಕನ್ ದೇಶದ ಹೆಸರು ಬರೆದವರು ‘ಬಿಳಿ’ ಮತ್ತು ‘ಇತರ ಜನಾಂಗ’ ಎಂದು ಎರಡು ಕಡೆ ಬಿದ್ದು ಮಿಶ್ರರಾದರು. ಹೀಗೆ ಮಿಶ್ರರೆಂದು ಎಣಿಸಲಾದ ಲ್ಯಾಟಿನೋಗಳು 30 ಲಕ್ಷದಿಂದ 2 ಕೋಟಿ 3 ಲಕ್ಷಕ್ಕೆ ಏರಿದರು. ‘ಬಿಳಿ ಮಾತ್ರ’ ಎಂದಿದ್ದ ಲ್ಯಾಟಿನೋಗಳು ಅರ್ಧಕ್ಕಿಂತ ಕೆಳಗಿಳಿದರು. ಜನ ಬದಲಾದದ್ದು ಸ್ವಲ್ಪ, ಎಣಿಕೆ ಬದಲಾದದ್ದು ಬಹಳ.

ಈ ‘ಮಿಶ್ರ’ ಲ್ಯಾಟಿನೋಗಳ ಮತ ಎತ್ತ ಎಂದು ತಿಳಿಯಬೇಕಾದರೆ ಟೆಕ್ಸಾಸ್‌ನ ಗಡಿಯಂಚಿನ ಸ್ಟಾರ್ ಕೌಂಟಿಯನ್ನು ನೋಡಿ. ಅಲ್ಲಿ ಶೇ. 97ರಷ್ಟು ಜನ ಲ್ಯಾಟಿನೋಗಳು. 2016ರಲ್ಲಿ ಹಿಲರಿ ಕ್ಲಿಂಟನ್ ಅಲ್ಲಿ ಸುಮಾರು ಶೇ. 60ರಷ್ಟು ಅಂತರದಿಂದ ಗೆದ್ದರು. 2024ರಲ್ಲಿ ಟ್ರಂಪ್ ಗೆದ್ದರು. 1892ರ ಬಳಿಕ ಆ ಕೌಂಟಿಯನ್ನು ಗೆದ್ದ ಮೊದಲ ರಿಪಬ್ಲಿಕನ್ ಅಭ್ಯರ್ಥಿ ಅವರು. ಎಂಟು ವರ್ಷದಲ್ಲಿ ಯಾರ ರಕ್ತವೂ ಬದಲಾಗಿರಲಿಲ್ಲ. ಅಲ್ಲಿನ ಎಷ್ಟೋ ಮನೆಗಳ ಅನ್ನ ಗಡಿ ಕಾವಲು ಪಡೆಯ ನೌಕರಿಯಿಂದ, ತೈಲಬಾವಿಯ ಕೆಲಸದಿಂದ ಬರುತ್ತದೆ. ಅಂಗಡಿಯ ಬೆಲೆ ಏರಿತ್ತು. ತಾವು ‘ಅಲ್ಪಸಂಖ್ಯಾತರು’ ಎಂಬುದಕ್ಕಿಂತ ತಾವು ಟೆಕ್ಸಾಸ್‌ನವರು ಎಂಬುದು ಅವರಿಗೆ ಹತ್ತಿರದ ಮಾತಾಗಿತ್ತು. ಕಾನೂನು ಬಲವಂತದಿಂದ ಕಟ್ಟಿದ ಕಪ್ಪು ಸಮುದಾಯದ ಒಗ್ಗಟ್ಟು ಲ್ಯಾಟಿನೋಗಳಲ್ಲೂ ಇರುತ್ತದೆಂದು ಡೆಮಾಕ್ರಟರು ಭಾವಿಸಿದ್ದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಳಿಯರನ್ನೂ ಒಂದು ಮುದ್ದೆಯಾಗಿ ನೋಡಬಾರದು. ಕಾಲೇಜು ಪದವಿ ಇಲ್ಲದ ಬಿಳಿಯರಲ್ಲಿ ಮೂರರಲ್ಲಿ ಎರಡು ಪಾಲು 2024ರಲ್ಲಿ ಟ್ರಂಪ್ ಕಡೆ, ಪದವೀಧರ ಬಿಳಿಯರಲ್ಲಿ ಹೆಚ್ಚಿನವರು ಹ್ಯಾರಿಸ್ ಕಡೆ. ವರ್ಮಾಂಟ್‌ನ ಬಿಳಿಯರು ಒಂದು ದಿಕ್ಕು, ಮಿಸಿಸಿಪಿಯ ಬಿಳಿಯರು ಇನ್ನೊಂದು ದಿಕ್ಕು.

ಭಾರತೀಯ ಮೂಲದವರ ಬಗ್ಗೆ ನೀವು ನೇರವಾಗಿ ಕೇಳಿಲ್ಲ. ಆದರೆ ಮಗುವಿನ ತಾಯಿಯ ಕಡೆಯ ಕಥೆ ಅದು. 1920ರಿಂದ 1940ರ ಮೂರು ಗಣತಿಗಳಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗ. ಸಿಖ್ಖರೂ ಮುಸ್ಲಿಮರೂ ಅದರಡಿಯಲ್ಲೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. 1970ರ ಗಣತಿಯಲ್ಲಿ ಬಿಳಿ ಎಂದು ಸೇರಿಸಿದರು, 1980ರಲ್ಲಿ ಏಷ್ಯನ್ ಎಂದು ಪ್ರತ್ಯೇಕಿಸಿದರು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರಿಗೆ ಊರಿಂದ ಹೆಂಡತಿಯನ್ನು ಕರೆತರಲೂ ಆಗದೆ, ಬಿಳಿ ಹೆಣ್ಣನ್ನು ಮದುವೆಯಾಗಲೂ ಕಾನೂನು ಬಿಡದೆ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಕೈಹಿಡಿದರು. ಬಂಗಾಳದ ಮುಸ್ಲಿಂ ನಾವಿಕರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು, ಪೋರ್ಟೊರಿಕನ್ ಮನೆಗಳ ಅಳಿಯಂದಿರಾದರು. ನಿಮ್ಮ ಅಕ್ಕನ ಮಗಳ ಸಂಸಾರ ಅಮೆರಿಕಕ್ಕೆ ಹೊಸದಲ್ಲ.

ಕಾರ್ನೆಗಿ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಭಾರತೀಯ ಮೂಲದ ನೋಂದಾಯಿತ ಮತದಾರರಲ್ಲಿ 2020ರಲ್ಲಿ ಬೈಡನ್‌ಗೆ ಹಾಕುತ್ತೇವೆ ಎಂದವರು ಶೇ. 72, 2024ರಲ್ಲಿ ಭಾರತೀಯ ತಾಯಿಯ ಮಗಳೇ ನಿಂತಾಗ ಹ್ಯಾರಿಸ್‌ಗೆ ಎಂದವರು ಶೇ. 61. ರಕ್ತಸಂಬಂಧವೇ ಮತ ತರುತ್ತದೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಜನಾಂಗದ ಲೆಕ್ಕ ಹೆಚ್ಚು ಗಟ್ಟಿಯಾಗಿ ಕಾಣುವುದು ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ, ಅಂದರೆ ಪ್ರೈಮರಿಯಲ್ಲಿ. ಇದಕ್ಕೆ ನಮ್ಮವರದೇ ಉದಾಹರಣೆ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಡೆಟ್ರಾಯಿಟ್‌ನ ಬಹುಭಾಗವಿರುವ ಕ್ಷೇತ್ರದಿಂದ ಸಂಸತ್ತಿಗೆ ಹೋದರು. ಡೆಟ್ರಾಯಿಟ್ ನಗರದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನ ಕಪ್ಪು ಜನಾಂಗದವರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಗಿ, ಥಾನೇದಾರ್ ಶೇ. 28ರಷ್ಟು ಮತದಿಂದಲೇ ಗೆದ್ದರು. ನವೆಂಬರಿನಲ್ಲಿ ಡೆಮಾಕ್ರಟ್ ಎಂಬ ಹಣೆಪಟ್ಟಿಯೇ ಅವರನ್ನು ಸುಲಭವಾಗಿ ದಾಟಿಸಿತು. ಇದರಿಂದ 1955ರಲ್ಲಿ ಚಾರ್ಲ್ಸ್ ಡಿಗ್ಸ್ ಅವರಿಂದ ಮೊದಲಾದ, ಡೆಟ್ರಾಯಿಟ್‌ನಿಂದ ಒಬ್ಬರಾದರೂ ಕಪ್ಪು ಸಂಸದರಿರುವ ಪರಂಪರೆ ಮುರಿಯಿತು. ಅಲ್ಲಿನ ಕಪ್ಪು ನಾಯಕರ ಬೇಸರವನ್ನು ನಾನು ಹಗುರವಾಗಿ ಕಾಣಲಾರೆ. ಹಿಂದೆ ಇದೇ ನಗರದಿಂದ 2011ರಲ್ಲಿ ಸಂಸತ್ತಿಗೆ ಹೋದ ಹ್ಯಾನ್ಸನ್ ಕ್ಲಾರ್ಕ್ ಅವರ ತಂದೆ ಈಗಿನ ಬಾಂಗ್ಲಾದೇಶದ ಕಡೆಯವರು, ತಾಯಿ ಕಪ್ಪು ಅಮೆರಿಕನ್. ನಗರ ಅವರನ್ನು ತನ್ನ ಮಗನೆಂದೇ ಆರಿಸಿತ್ತು. ತಾಯಿ ಸಾಕಿ ಬೆಳೆಸಿದ್ದು, ಆ ಬೀದಿಗಳಲ್ಲೇ ಬೆಳೆದದ್ದು ಅಲ್ಲಿ ಕೆಲಸ ಮಾಡಿತು.

ಇನ್ನು ಅಟ್ಲಾಂಟಾದ ಮಗು. 2024ರ ಮಾರ್ಚ್‌ನಲ್ಲಿ ಪ್ರಕಟವಾದ ಸರ್ಕಾರಿ ನಿಯಮದ ಪ್ರಕಾರ ಜನಾಂಗ ಮತ್ತು ಲ್ಯಾಟಿನೋ ಮೂಲವನ್ನು ಒಂದೇ ಪ್ರಶ್ನೆಯಲ್ಲಿ ಕೇಳಬೇಕು, ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಬಹುದು. ಮಗುವಿಗೆ ಕಪ್ಪು, ಏಷ್ಯನ್ ಎರಡಕ್ಕೂ ಹಾಕಬಹುದು. ಒಂದೇ ಹಾಕಿದರೂ ತಪ್ಪಲ್ಲ. ಮನೆಯ ಹೆಸರು ಸಮೇತ ಆ ಕಾಗದ 72 ವರ್ಷ ಯಾರಿಗೂ ಸಿಗುವುದಿಲ್ಲ. ಎರಡಕ್ಕೂ ಹಾಕಿದರೆ ಕಪ್ಪು ಸಮುದಾಯದ ಎಣಿಕೆ ಕಡಿಮೆಯಾಗಿ ಕ್ಷೇತ್ರ ಕೈತಪ್ಪುತ್ತದೆ ಎಂದು ಅವಳ ಅತ್ತೆಮನೆಯಲ್ಲಿ ಯಾರಾದರೂ ಆತಂಕಪಟ್ಟರೆ, 2000ದ ಗಣತಿಗೆ ಮುಂಚೆ ಕಪ್ಪು ಸಂಘಟನೆಗಳು ಪಟ್ಟ ಆತಂಕವೂ ಇದೇ. ಅದಕ್ಕೆ ಉತ್ತರ ಕೊಟ್ಟದ್ದು ಜಾರ್ಜಿಯಾದ ಪ್ರಕರಣವೇ: ರಾಜ್ಯದ ಕ್ಷೇತ್ರ ವಿಂಗಡಣೆಯ ವ್ಯಾಜ್ಯದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಎಂಬುದರ ಜೊತೆ ಬೇರೆ ಜನಾಂಗವನ್ನೂ ಗುರುತಿಸಿದವರನ್ನು ಕಪ್ಪು ಮತದಾರರ ಲೆಕ್ಕಕ್ಕೆ ಸೇರಿಸುವುದು ಸರಿ ಎಂದಿತು. 2023ರಲ್ಲಿ ಅಲಬಾಮಾದ ಕಪ್ಪು ಮತದಾರರು ಗೆದ್ದ ಪ್ರಕರಣದಲ್ಲೂ ಅದೇ ಎಣಿಕೆಯನ್ನು ಬಳಸಲಾಯಿತು. ನಿಮ್ಮ ಅಕ್ಕನ ಮಗಳು ಎರಡೂ ಚೌಕಕ್ಕೆ ಧೈರ್ಯವಾಗಿ ಗುರುತು ಹಾಕಲಿ. ಅದರಿಂದ ಮಗುವಿನ ಅಜ್ಜಿಯ ಮನೆಯ ಕಡೆಗಾಗಲಿ ಅಪ್ಪನ ಮನೆಯ ಕಡೆಗಾಗಲಿ ಎಣಿಕೆಯಲ್ಲಿ ಒಂದು ತಲೆಯೂ ಕಡಿಮೆಯಾಗುವುದಿಲ್ಲ.